ಹೊಡೆದಾಟ ನಿಜ ಅನ್ನಿಸೋದು ಯಾವಾಗ? ಬೆಂಗ್ರೆಯ ಮರಳಲ್ಲಿ ಸಿಕ್ಕ ಒಂದು ಸಿನಿಮಾ ಪಾಠ

ಮಂಗಳೂರಿನ ಹಳೆ ಬಂದರಿನಲ್ಲಿ ಬೋಟು ಹತ್ತಿದರೆ ಬೆಂಗ್ರೆ ಮುಟ್ಟೋಕೆ ಕೆಲವೇ ನಿಮಿಷ. ಅದೇ ಬೆಂಗ್ರೆಗೆ ರಸ್ತೆಯಲ್ಲಿ ಹೋಗುವುದಾದರೆ ಕೂಳೂರು ದಾಟಿ, ತಣ್ಣೀರುಬಾವಿ ಬಳಸಿ, ಉದ್ದಕ್ಕೆ ಸುತ್ತು ಹಾಕಬೇಕು. ಒಂದು ಮಗ್ಗುಲಲ್ಲಿ ಫಲ್ಗುಣಿ ನದಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ತುದಿಯಲ್ಲಿ ನೇತ್ರಾವತಿಯೂ ಬಂದು ಸೇರುವ ಅಳಿವೆ ಬಾಗಿಲು. ನಡುವೆ ಉಳಿದ ಮರಳಿನ ಪಟ್ಟಿಯಲ್ಲಿ ತೋಟ ಬೆಂಗ್ರೆ, ಕಸಬಾ ಬೆಂಗ್ರೆ. ಮೊಗವೀರರು, ಬ್ಯಾರಿಗಳು, ಮೀನು, ಬಲೆ, ಫುಟ್‌ಬಾಲು. ನಗರಪಾಲಿಕೆಯ ಒಳಗೇ ಇದ್ದರೂ ಅಲ್ಲಿಯವರು ಈಚೆ ದಡಕ್ಕೆ ಬರುವಾಗ "ಮಂಗಳೂರಿಗೆ ಹೋಗಿ ಬರ್ತೇನೆ" ಅಂತಾರೆ.

ಕಳೆದ ಬೇಸಿಗೆಯ ಒಂದು ಸಂಜೆ ಬೇರೊಂದು ವರದಿಗೆಂದು ಅಲ್ಲಿಗೆ ಹೋಗಿದ್ದೆ. ಕೆಲಸ ಮುಗಿಸಿ ಬೋಟಿಗೆ ಕಾಯುತ್ತಿರುವಾಗ ಐದಾರು ಹುಡುಗರು ಕಣ್ಣಿಗೆ ಬಿದ್ದರು. ಮಗುಚಿಟ್ಟ ದೋಣಿಯೊಂದಕ್ಕೆ ಮೊಬೈಲ್ ಒರಗಿಸಿ, ಅದು ಜಾರದಂತೆ ಕೆಳಗೊಂದು ಚಪ್ಪಲಿ ಸಿಕ್ಕಿಸಿ, ಫೈಟ್ ಸೀನ್ ತೆಗೆಯುತ್ತಿದ್ದರು. ಒಬ್ಬ ಓಡಿ ಬಂದು ಒದೆಯಬೇಕು, ಇನ್ನೊಬ್ಬ ಲಾಗ ಹೊಡೆದು ಮರಳಿಗೆ ಬೀಳಬೇಕು. ನಾಲ್ಕು ಸಲ ಕೆಟ್ಟಿತು. ಬೀಳುವವನಿಗೆ ಸಿಟ್ಟು ಬಂತು: "ನಾನು ಬೀಳುವುದನ್ನು ಬೇರೆ ತೆಗಿ, ಆಮೇಲೆ ಸೇರಿಸು." ಮೊಬೈಲಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದವ ಒಪ್ಪಲಿಲ್ಲ. "ಕಟ್ ಮಾಡಿದ್ರೆ ಗೊತ್ತಾಗ್ತದೆ ಮಾರಾಯ. ಒಂದೇ ಶಾಟಲ್ಲಿ ಬರ್ಬೇಕು."

ಆ ಹುಡುಗನಿಗೆ ವಯಸ್ಸು ಹದಿನೈದೋ ಹದಿನಾರೋ. ಕಡಿಮೆ ದುಡ್ಡಿನ ಹೊಡೆದಾಟದ ಸಿನಿಮಾಗಳಿಗೆ ಜಗತ್ತಿನಾದ್ಯಂತ ಅಂಥ ಹುಚ್ಚು ಅಭಿಮಾನಿಗಳು ಯಾಕೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅವನ ಆ ಒಂದು ಮಾತಲ್ಲಿದೆ. ಇನ್ನರ್ಧ ಉತ್ತರ ಅಷ್ಟು ಸುಖದ್ದಲ್ಲ. ಎರಡನ್ನೂ ಬಿಡಿಸಿ ನೋಡೋಣ.

ಹಿಟ್ ಬೇರೆ, ಕಲ್ಟ್ ಬೇರೆ

ಈಗ ಪೋಸ್ಟರಿನ ಮೇಲೇ 'ಕಲ್ಟ್' ಅಂತ ಬರೆದುಕೊಳ್ಳುವ ಕಾಲ. ಆದರೆ ಕಲ್ಟ್ ಅನ್ನುವುದು ನಿರ್ಮಾಪಕ ಕೊಡುವ ಬಿರುದಲ್ಲ, ನೋಡುಗ ಕೊಡುವ ಬಡ್ತಿ. ಹಿಟ್ ಸಿನಿಮಾವನ್ನು ತುಂಬಾ ಜನ ಒಂದು ಸಲ ನೋಡುತ್ತಾರೆ. ಕಲ್ಟ್ ಸಿನಿಮಾವನ್ನು ಕೆಲವೇ ಜನ ಮತ್ತೆ ಮತ್ತೆ ನೋಡುತ್ತಾರೆ, ಡೈಲಾಗು ಬಾಯಿಪಾಠ ಮಾಡುತ್ತಾರೆ, ಗೆಳೆಯನನ್ನು ಎಳೆದು ತಂದು ಕೂರಿಸುತ್ತಾರೆ. ನಮ್ಮ ಕರಾವಳಿಯಲ್ಲೇ ಉದಾಹರಣೆ ಉಂಟು. 2014ರ ಮಾರ್ಚಿನಲ್ಲಿ ಬಂದ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' ಥಿಯೇಟರಿನಲ್ಲಿ ಸೋತಿತು. ಆಮೇಲೆ ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ, ಹಾಸ್ಟೆಲಿನಿಂದ ಹಾಸ್ಟೆಲಿಗೆ ದಾಟಿ ಒಂದು ಇಡೀ ಪೀಳಿಗೆಯ ಸಿನಿಮಾ ಆಯಿತು. ನಾನೂ ಅದನ್ನು ಹಾಗೇ ನೋಡಿದವನು.

ಹೊಡೆದಾಟದ ಸಿನಿಮಾಗಳಿಗೆ ಈ ಬಡ್ತಿ ಬೇಗ ಸಿಗುತ್ತದೆ. ಒಂದು ಕಾರಣ ಸರಳ: ಒದೆತಕ್ಕೆ ಸಬ್‌ಟೈಟಲ್ ಬೇಡ. 1973ರ 'ಎಂಟರ್ ದ ಡ್ರ್ಯಾಗನ್' ಸುಮಾರು 8.5 ಲಕ್ಷ ಡಾಲರಿನಲ್ಲಿ ತಯಾರಾಯಿತು. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಬಿಡುಗಡೆಗೆ ಮುಂಚೆಯೇ, ಆ ವರ್ಷದ ಜುಲೈ 20ರಂದು ಬ್ರೂಸ್ ಲೀ ತೀರಿಕೊಂಡಿದ್ದರು. ಆದರೂ ಅವರ ಚಿತ್ರ ಕಟಿಂಗ್ ಶಾಪಿನ ಗೋಡೆಯಿಂದ ಹಿಡಿದು ಕರಾಟೆ ಕ್ಲಾಸಿನ ಬೋರ್ಡಿನವರೆಗೆ ನಮ್ಮ ಊರುಗಳಿಗೂ ಬಂತು. ಅಮೆರಿಕದ ದೊಡ್ಡ ನಗರಗಳ ಕರಿಯರ ಬಡಾವಣೆಗಳಲ್ಲಿ ಹಾಂಗ್‌ಕಾಂಗಿನ ಕುಂಗ್ ಫು ಚಿತ್ರಗಳು ಸೋವಿ ಟಿಕೆಟಿನ ಥಿಯೇಟರುಗಳಲ್ಲಿ ಓಡಿದವು. ಅವನ್ನು ನೋಡಿ ಬೆಳೆದ ಹುಡುಗರು ನ್ಯೂಯಾರ್ಕಿನಲ್ಲಿ ಕಟ್ಟಿದ ರ‍್ಯಾಪ್ ತಂಡದ ಹೆಸರು ವು-ಟ್ಯಾಂಗ್ ಕ್ಲ್ಯಾನ್. 1993ರ ಅವರ ಮೊದಲ ಆಲ್ಬಮ್ಮಿನ ಹೆಸರೇ ಒಂದು ಶಾವೊಲಿನ್ ಸಿನಿಮಾದ ನೆರಳು.

ಯಾಕೆ ಅಲ್ಲಿ ಅಷ್ಟು ಹತ್ತಿರ ಅನ್ನಿಸಿತು? ಆ ಕಥೆಗಳಲ್ಲಿ ನಾಯಕನ ಹತ್ತಿರ ಬಂದೂಕು ಇಲ್ಲ, ಆಸ್ತಿ ಇಲ್ಲ, ಪೊಲೀಸರು ಅವನ ಪರ ಇಲ್ಲ. ಇರುವುದು ಒಂದು ಮೈ, ಅದಕ್ಕೆ ಮಾಡಿದ ಅಭ್ಯಾಸ. ಸ್ವಂತದ್ದು ಅಂತ ಹೇಳಿಕೊಳ್ಳಲು ಮೈ ಒಂದೇ ಇರುವವನಿಗೆ ಆ ಕಥೆ ಅರ್ಥವಾಗಲು ಚೈನೀಸ್ ಬರಬೇಕಿಲ್ಲ.

ದುಡ್ಡಿಲ್ಲದವರ ಬಂಡವಾಳ

ಸಿನಿಮಾಗೆ ದುಡ್ಡು ಬೇಕೇ ಬೇಕು. ಇಲ್ಲದಿದ್ದರೆ ಬೇರೇನಾದರೂ ಬೇಕು. ಹೊಡೆದಾಟದ ಸಿನಿಮಾದಲ್ಲಿ ಆ 'ಬೇರೇನಾದರೂ' ಅಂದರೆ ಮೊದಲೇ ಪಳಗಿದ, ಆದರೆ ಕೆಲಸವಿಲ್ಲದೆ ಕೂತಿರುವ ಮೈಗಳು.

ಹಾಂಗ್‌ಕಾಂಗ್ ನೋಡಿ. ಜಾಕಿ ಚಾನ್, ಸ್ಯಾಮೊ ಹಂಗ್, ಯುಎನ್ ಬಿಯಾವ್ ಮೂವರೂ ಯು ಜಿಮ್-ಯುಎನ್ ಎಂಬ ಗುರು ನಡೆಸುತ್ತಿದ್ದ ಪೀಕಿಂಗ್ ಒಪೆರಾ ಶಾಲೆಯಲ್ಲಿ ಬೆಳೆದವರು. ಬಾಲ್ಯವಿಡೀ ಬೆಳಗಿನಿಂದ ರಾತ್ರಿವರೆಗೆ ಲಾಗ, ಕೋಲು, ಕತ್ತಿ, ಹಾಡು, ಪೆಟ್ಟು. ಅವರು ತಯಾರಾಗಿ ಹೊರಬರುವ ಹೊತ್ತಿಗೆ ಒಪೆರಾ ನೋಡುವವರೇ ಕಡಿಮೆಯಾಗಿದ್ದರು. ರಂಗಕ್ಕೆ ಬೇಡವಾದ ಮೈಗಳನ್ನು ಸ್ಟುಡಿಯೋಗಳು ದಿನಗೂಲಿಗೆ ಸ್ಟಂಟಿಗೆ ತೆಗೆದುಕೊಂಡವು. ಹಾಂಗ್‌ಕಾಂಗ್ ಆ್ಯಕ್ಷನ್ ಎಂದು ನಾವು ಕರೆಯುವುದು ಒಂದು ಸಾಯುತ್ತಿದ್ದ ರಂಗಕಲೆಯ ಪಿಂಚಣಿ.

ಥಾಯ್ಲೆಂಡಿನ ಪನ್ನಾ ರಿತ್ತಿಕ್ರೈ ಈಶಾನ್ಯದ ಬಡ ಪ್ರಾಂತ್ಯದಲ್ಲಿ ಹುಡುಗರ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಸೋವಿ ಫೈಟ್ ಸಿನಿಮಾ ಮಾಡಿದರು. ಅವರ ಶಿಷ್ಯ ಟೋನಿ ಜಾ ನಟಿಸಿದ 'ಓಂಗ್ ಬಾಕ್' 2003ರಲ್ಲಿ ಬಂದಾಗ ಜಗತ್ತು ಅದನ್ನು ಹೊಸದು ಅಂದಿತು. ಇಂಡೋನೇಷ್ಯಾದ 'ದ ರೇಡ್' (2011) ಸುಮಾರು 11 ಲಕ್ಷ ಡಾಲರಿನ ಸಿನಿಮಾ. ಬಹುಪಾಲು ಕಥೆ ಒಂದೇ ಕಟ್ಟಡದೊಳಗೆ. ನಾಯಕ ಇಕೋ ಉವೈಸ್ ಚಿಕ್ಕಂದಿನಿಂದ ಸಿಲಾಟ್ ಕಲಿತವರು. ನಿರ್ದೇಶಕ ಗ್ಯಾರೆತ್ ಇವಾನ್ಸ್ ಕಣ್ಣಿಗೆ ಬಿದ್ದಾಗ ಟೆಲಿಕಾಂ ಕಂಪನಿಯೊಂದರಲ್ಲಿ ಡ್ರೈವರ್ ಆಗಿದ್ದರು.

ಇನ್ನು ಉಗಾಂಡಾ. ಕಂಪಾಲಾದ ವಕಾಲಿಗಾ ಎಂಬ ಕೊಳೆಗೇರಿಯಲ್ಲಿ ಐಸಾಕ್ ನಬ್ವಾನಾ ಎಂಬ ಇಟ್ಟಿಗೆ ಕೆಲಸದ ಮನುಷ್ಯ 2010ರಲ್ಲಿ 'ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?' ಮಾಡಿದರು. ಖರ್ಚು 200 ಡಾಲರಿಗಿಂತ ಕಡಿಮೆ ಅನ್ನುವುದು ಅವರದ್ದೇ ಮಾತು. ಚಿಕ್ಕವರಿದ್ದಾಗ ಅವರಿಗೆ ವಿಡಿಯೋ ಹಾಲಿಗೆ ಹೋಗಲು ಸಿಗುತ್ತಿರಲಿಲ್ಲ. ನೋಡಿ ಬಂದ ಅಣ್ಣಂದಿರು ಹೇಳಿದ ಕಥೆ ಕೇಳಿಯೇ ಆ್ಯಕ್ಷನ್ ಸಿನಿಮಾ ಅಂದರೇನು ಎಂದು ಕಲಿತರು. ಹಳೆಯ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿದರು, ಗುಜರಿ ಕಬ್ಬಿಣದಿಂದ ಮೆಷಿನ್ ಗನ್ ಮಾಡಿದರು, ಕಾಂಡೋಮಿನೊಳಗೆ ರಕ್ತ ತುಂಬಿ ಅಂಗಿಯೊಳಗೆ ಕಟ್ಟಿದರು. ಮೊದಮೊದಲು ನಿಜವಾದ ದನದ ರಕ್ತ. ಒಬ್ಬರಿಗೆ ಕಾಯಿಲೆ ಬಂದ ಮೇಲೆ ಬಣ್ಣದ ನೀರು. ಹಾರ್ಡ್ ಡಿಸ್ಕಿನಲ್ಲಿ ಜಾಗ ಸಾಲದೆ, ಮುಂದಿನ ಸಿನಿಮಾಗಾಗಿ ಹಿಂದಿನದರ ಮೂಲ ಪ್ರತಿಯನ್ನೇ ಅಳಿಸಿದರು. ನಾವು ಇವತ್ತು ನೋಡುವುದು ಡಿವಿಡಿಯಿಂದ ಉಳಿದ ಮಸುಕು ಪ್ರತಿ. ಡಿವಿಡಿಗಳನ್ನು ನಟರೇ ಮನೆಮನೆಗೆ ಹೋಗಿ ಮಾರುತ್ತಿದ್ದರು.

ಆ ಸಿನಿಮಾದ ಮೇಲೆ ಒಬ್ಬ 'ವಿಡಿಯೋ ಜೋಕರ್' ಉದ್ದಕ್ಕೂ ಕಾಮೆಂಟರಿ ಹೇಳುತ್ತಾನೆ. ನಾಯಕನನ್ನು ಹೊಗಳುತ್ತಾನೆ, ಕಾಲೆಳೆಯುತ್ತಾನೆ, ಮುಂದೇನು ಬರುತ್ತದೆಂದು ಕೂಗುತ್ತಾನೆ. ಹೊರಗಿನವರಿಗೆ ಇದು ವಿಚಿತ್ರ. ಕಂಬಳದ ಕರೆಯ ಪಕ್ಕ ನಿಂತವರಿಗೆ, ಊರಿನ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯದಲ್ಲಿ ಮೈಕ್ ಹಿಡಿದವರ ತುಳು ಕಾಮೆಂಟರಿ ಕೇಳಿದವರಿಗೆ ಏನೂ ವಿಚಿತ್ರ ಅನ್ನಿಸುವುದಿಲ್ಲ. ಆಟ ಆಡುವವನೂ ನಮ್ಮವ, ಹೇಳುವವನೂ ನಮ್ಮವ. ಕಲ್ಟ್ ಹುಟ್ಟುವ ಜಾಗ ಅದೇ.

ಕಟ್ ಮಾಡಿದರೆ ಯಾಕೆ ಗೊತ್ತಾಗುತ್ತದೆ?

ಬೆಂಗ್ರೆಯ ಹುಡುಗನ ಮಾತಿಗೆ ಬರೋಣ. ದೊಡ್ಡ ಸ್ಟಾರ್ ಸಿನಿಮಾದ ಫೈಟಿನಲ್ಲಿ ನಡೆಯುವುದು ಹೀಗೆ: ಸ್ಟಾರ್ ಕೈ ಎತ್ತುವುದು ಒಂದು ಶಾಟ್. ಹೊಡೆತ ಬೀಳುವುದು ಇನ್ನೊಂದು. ವಿಲನ್ ಹಾರಿ ಹೋಗುವುದು ಮೂರನೆಯದು, ಅದೂ ಸೊಂಟಕ್ಕೆ ರೋಪ್ ಕಟ್ಟಿ. ಅಪಾಯದ ಜಾಗದಲ್ಲಿ ಸ್ಟಾರ್ ಬದಲು ಡ್ಯೂಪ್. ಡ್ಯೂಪಿನ ಮುಖ ಕಾಣಬಾರದು, ಆದ್ದರಿಂದ ಕ್ಯಾಮೆರಾ ಹತ್ತಿರ ಬರಬೇಕು, ಅಲುಗಾಡಬೇಕು, ಬೇಗ ಕಟ್ ಆಗಬೇಕು. ಕೊನೆಗೆ ನಮಗೆ ಕಾಣುವುದು ಹೊಡೆತ ಅಲ್ಲ, ಹೊಡೆತ ಆಗಿದೆ ಅನ್ನುವ ಮಾಹಿತಿ.

ಪಳಗಿದವನೇ ನಾಯಕನಾದರೆ ಈ ಸರ್ಕಸ್ ಬೇಡ. ಕ್ಯಾಮೆರಾ ಹಿಂದೆ ಸರಿದು ನಿಲ್ಲಬಹುದು. ಅಡಿಯಿಂದ ಮುಡಿಯವರೆಗೆ ಮೈ ಕಾಣುತ್ತದೆ. ಒದೆಯುವವನ ಕಾಲು ಎಲ್ಲಿಂದ ಹೊರಟಿತು, ಎಲ್ಲಿ ತಾಗಿತು, ತಾಗಿದ ಮೇಲೆ ಅವನ ಸಮತೋಲ ಎಲ್ಲಿ ತಪ್ಪಿತು ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ಕಾರಣವೂ ಪರಿಣಾಮವೂ ಒಟ್ಟಿಗೆ ಕಂಡಾಗ ಮೆದುಳು ವಾದ ಮಾಡದೆ ನಂಬುತ್ತದೆ. ಸುಸ್ತು ಕೂಡ ಕಾಣುತ್ತದೆ. ಎರಡನೇ ನಿಮಿಷಕ್ಕೆ ಉಸಿರು ದಪ್ಪವಾಗಿ, ಹೊಡೆತ ನಿಧಾನವಾಗುವುದನ್ನು ಎಡಿಟಿಂಗ್ ಮುಚ್ಚಬಲ್ಲದು. ಉದ್ದದ ಶಾಟ್ ಮುಚ್ಚಲಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಇಂಥ ಫೈಟಿಗೆ ದುಡ್ಡು ಕಡಿಮೆ ಸಾಕು, ಸಮಯ ಜಾಸ್ತಿ ಬೇಕು. ಸ್ಟಾರಿನ ಡೇಟ್ಸ್ ಎಣಿಸುವ ಸೆಟ್ಟಿನಲ್ಲಿ ಒಂದೇ ಒದೆತವನ್ನು ಮೂವತ್ತು ಸಲ ತೆಗೆಯುವ ಸಮಯ ಇರುವುದಿಲ್ಲ. ಮರಳ ಮೇಲೆ ಚಪ್ಪಲಿ ಸಿಕ್ಕಿಸಿ ಕೂತವನ ಹತ್ತಿರ ಸಮಯ ಬಿಟ್ಟು ಬೇರೇನೂ ಇಲ್ಲ.

ಕನ್ನಡದಲ್ಲಿ ಏನಾಯಿತು?

ನಮ್ಮಲ್ಲಿ ಈ ಹುಚ್ಚು ಹೊಸದಲ್ಲ. ಶಂಕರ್ ನಾಗ್ ಬಂದದ್ದು ರಂಗಭೂಮಿಯಿಂದ. ಆದರೂ ಜನ ಅವರನ್ನು 'ಕರಾಟೆ ಕಿಂಗ್' ಅಂದರು. 1980ರ 'ಆಟೋ ರಾಜ' ಬಂದು ದಶಕಗಳೇ ಕಳೆದರೂ, 1990ರಲ್ಲಿ ಅವರು ತೀರಿಕೊಂಡು ಒಂದು ಪೀಳಿಗೆಯೇ ಮುಗಿದರೂ, ಆಟೋ ಸ್ಟ್ಯಾಂಡುಗಳಲ್ಲಿ ಅವರ ಫೋಟೋ ಇಳಿದಿಲ್ಲ. ಅಲ್ಲಿ ಅಭಿಮಾನಿಗಳು ಮೆಚ್ಚಿದ್ದು ಒದೆತದ ಎತ್ತರವನ್ನಲ್ಲ. ನಮ್ಮಂಥವನೇ ಒಬ್ಬ ರಸ್ತೆಯಲ್ಲಿ ನಿಂತು ಎದುರಾಡಿದ ಅನ್ನುವುದನ್ನು.

1996ರಲ್ಲಿ ಫೈಟ್ ಮಾಸ್ಟರ್ ಥ್ರಿಲ್ಲರ್ ಮಂಜು 'ಪೊಲೀಸ್ ಸ್ಟೋರಿ' ನಿರ್ದೇಶಿಸಿದರು. ಜಾಕಿ ಚಾನ್ 1985ರಲ್ಲಿ ಮಾಡಿದ ಸಿನಿಮಾದ ಹೆಸರೂ ಅದೇ. ನಾಯಕನಾಗಿ ಬಂದದ್ದು ಅಲ್ಲಿಯವರೆಗೆ ಡಬ್ಬಿಂಗ್ ಧ್ವನಿಗೆ ಹೆಸರಾಗಿದ್ದ ಸಾಯಿಕುಮಾರ್. 2007ರ 'ದುನಿಯಾ'ದಲ್ಲಿ ಸೂರಿ ನಾಯಕನನ್ನಾಗಿ ನಿಲ್ಲಿಸಿದ್ದು ಅಲ್ಲಿಯವರೆಗೆ ಸಣ್ಣಪುಟ್ಟ ಪಾತ್ರಗಳಲ್ಲಿ ಕಂಡಿದ್ದ ವಿಜಯ್ ಅವರನ್ನು. ಚೌಕಟ್ಟಿನ ಅಂಚಿನಲ್ಲಿದ್ದ ಮೈಯೊಂದು ನಡುವಿಗೆ ಬಂದು ನಿಂತಾಗ ನೋಡುಗರು ಅದನ್ನು ತಮ್ಮದೇ ಅಂದುಕೊಂಡರು.

ಮಂಗಳೂರಿಗೂ ಮೈಯ ವಿದ್ಯೆ ಹೊಸದಲ್ಲ. ಕೋಟಿ ಚೆನ್ನಯರ ಗರಡಿಗಳ ನಾಡಿದು. ಮೆರವಣಿಗೆಗಳಲ್ಲಿ ತಾಲೀಮು ಇದೆ, ಕಾಸರಗೋಡಿನ ಕಡೆ ಹೋದರೆ ಕಳರಿ ಇದೆ, ಬಡಾವಣೆಗೊಂದು ಕರಾಟೆ ಕ್ಲಾಸಿದೆ. 2017ರಲ್ಲಿ ನೆಹರೂ ಮೈದಾನದ ಕರಾಟೆ ಪಂದ್ಯಾವಳಿಗೆ ಬಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯ, ಆಗಿನ ಮೇಯರ್ ಕವಿತಾ ಸನಿಲ್ ಜತೆ ವೇದಿಕೆಯಲ್ಲೇ ಒಂದೆರಡು ಪಟ್ಟು ಹಾಕಿ ನಗಿಸಿದ್ದರು. ಸನಿಲ್ ಸ್ವತಃ ಕರಾಟೆ ಪಟು.

ಹಾಗಾದರೆ ತುಳು ಸಿನಿಮಾ ಯಾಕೆ ಫೈಟಿನ ಸಿನಿಮಾ ಆಗಲಿಲ್ಲ? 1971ರಲ್ಲಿ 'ಎನ್ನ ತಂಗಡಿ'ಯಿಂದ ಶುರುವಾದ ತುಳು ಚಿತ್ರರಂಗ ಯಾವತ್ತೂ ಕಡಿಮೆ ದುಡ್ಡಿನದ್ದೇ. ಆದರೆ ಅದು ಜನಪ್ರಿಯವಾದದ್ದು ಕಾಮಿಡಿಯಿಂದ; 2011ರ 'ಒರಿಯರ್ದೊರಿ ಅಸಲ್', 2014ರ 'ಚಾಲಿಪೋಲಿಲು' ನೆನಪಿಸಿಕೊಳ್ಳಿ. ನನ್ನ ಉತ್ತರ ಹಾಂಗ್‌ಕಾಂಗಿನದ್ದೇ: ಯಾವ ಪಳಗಿದ ಜನ ಸುಲಭಕ್ಕೆ ಸಿಗುತ್ತಾರೋ ಅವರಿಂದ ಸಿನಿಮಾ ಆಗುತ್ತದೆ. ಇಲ್ಲಿ ಸಿಕ್ಕವರು ತುಳು ನಾಟಕದ ಹಾಸ್ಯನಟರು.

ಪೀಕಿಂಗ್ ಒಪೆರಾಕ್ಕೆ ನಮ್ಮಲ್ಲಿ ಸಮನಾದದ್ದು ಯಕ್ಷಗಾನ. ಗಿರಕಿ, ಮಂಡಿ, ಯುದ್ಧದ ಕುಣಿತ, ರಾತ್ರಿಯಿಡೀ ನಿಲ್ಲುವ ದಮ್ಮು ಎಲ್ಲವೂ ಇದೆ. ಆದರೆ ಯಕ್ಷಗಾನ ಸಾಯಲಿಲ್ಲ. ಕಟೀಲಿನಂಥ ಮೇಳಗಳ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆಯೇ ಸರದಿ ಇರುತ್ತದೆ. ಕೆಲಸ ಇರುವ ಕಲಾವಿದ ಸ್ಟಂಟಿಗೆ ದಿನಗೂಲಿ ಕೇಳಿಕೊಂಡು ಯಾಕೆ ಬರುತ್ತಾನೆ? ಕುಂಗ್ ಫು ಸಿನಿಮಾ ನಮ್ಮಲ್ಲಿ ಹುಟ್ಟದೇ ಇದ್ದುದಕ್ಕೆ ಒಂದು ಕಾರಣ, ನಮ್ಮ ರಂಗಕಲೆ ಬದುಕಿ ಉಳಿದದ್ದು. ಅದನ್ನು ನಷ್ಟ ಅಂತ ನಾನು ಹೇಳಲಾರೆ.

ಹುಲಿ ಹೆಜ್ಜೆ ಪರದೆಗೆ ಬಂದಾಗ

ಹುಲಿವೇಷದ ಲೆಕ್ಕ ಬೇರೆ. ಅದು ಅಷ್ಟಮಿ, ದಸರಾದ ಕೆಲವೇ ದಿನಗಳ ಕೆಲಸ. ಉಳಿದ ದಿನ ಅದೇ ಹುಲಿಗಳು ಪೇಂಟರ್, ಡ್ರೈವರ್, ಬೋಟಿನ ಕೆಲಸಗಾರ. ಊದು ಹಾಕಿ, ಗಂಟೆಗಟ್ಟಲೆ ಕೈಕಾಲು ಅಗಲಿಸಿ ನಿಂತು ಬಣ್ಣ ಹಚ್ಚಿಸಿಕೊಂಡು, ಆ ಬಣ್ಣ ಬಿಗಿಯುವ ಮೈಯಲ್ಲೇ ಬಿಸಿಲಿನಲ್ಲಿ ತಾಸೆಯ ಪೆಟ್ಟಿಗೆ ದಿನವಿಡೀ ಕುಣಿಯಬೇಕು. ಲಾಗ ಹೊಡೆಯಬೇಕು. ಅಕ್ಕಿ ಮುಡಿಯನ್ನು ಹಲ್ಲಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯಬೇಕು. ಇದಕ್ಕೆ ಯಾರೂ ಸಮರಕಲೆ ಅನ್ನುವುದಿಲ್ಲ. ಆದರೆ ಸಮರಕಲೆಗೆ ಬೇಕಾದ ಮೈ ಇಲ್ಲಿ ತಯಾರಾಗುತ್ತದೆ.

2021ರ ನವೆಂಬರ್ 19ರಂದು ಬಂದ ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' ಈ ಮೈಯನ್ನು ಅರ್ಥ ಮಾಡಿಕೊಂಡಿತು. ಮಂಗಳಾದೇವಿಯ ಪರಿಸರ, ಹರಿಯಾಗಿ ರಿಷಬ್ ಶೆಟ್ಟಿ, ಶಿವನಾಗಿ ಸ್ವತಃ ನಿರ್ದೇಶಕ. ಗಾಳಿಯಲ್ಲಿ ತೇಲುವ ಫೈಟ್ ಇಲ್ಲ, ಡೈಲಾಗ್ ಹೊಡೆದು ಹೊಡೆಯುವ ನಾಯಕ ಇಲ್ಲ. ಶಿವನ ಹಿಂಸೆ ಚುಟುಕು, ಸಪ್ಪೆ, ಭಯಂಕರ. ಕೊಲೆಯ ನಂತರ ಅವನು ಹುಲಿವೇಷದ ಹೆಜ್ಜೆ ಹಾಕುತ್ತಾನೆ. ಹಿನ್ನೆಲೆಯಲ್ಲಿ ಮಾದಪ್ಪನ ಮೇಲಿನ ಜನಪದ ಹಾಡು, 'ಸೋಜುಗಾದ ಸೂಜುಮಲ್ಲಿಗೆ'. ಆ ದೃಶ್ಯ ನೋಡಿ ಥಿಯೇಟರಿನಲ್ಲಿ ನನ್ನ ಸುತ್ತ ಯಾರೂ ಶಿಳ್ಳೆ ಹಾಕಲಿಲ್ಲ. ಹೊರಗೆ ಬಂದ ಮೇಲೆ ಮಾತ್ರ ಎಲ್ಲರೂ ಅದರ ಬಗ್ಗೆಯೇ ಮಾತಾಡಿದರು. ನಮ್ಮ ಓಣಿಯಲ್ಲಿ ಪ್ರತಿ ವರ್ಷ ನೋಡಿದ ಕುಣಿತ ಒಮ್ಮೆಗೇ ಗುರುತು ಸಿಗದಂತಾಗಿತ್ತು. ಕಲ್ಟ್ ಅಂದರೆ ನನಗೆ ಅದು: ಪರಿಚಯದ ಒಂದು ವಸ್ತುವನ್ನು ತೋರಿಸಿ ಬೆಚ್ಚಿಬೀಳಿಸುವುದು.

ಇನ್ನರ್ಧ ಉತ್ತರ: ಬಿಲ್ ಯಾರ ಹೆಸರಿಗೆ?

'ನಿಜವಾದ ಹೊಡೆತ' ಅಂತ ನಾವು ಮೆಚ್ಚುವಾಗ ಒಂದು ಪ್ರಶ್ನೆ ನುಂಗಿಬಿಡುತ್ತೇವೆ. ಜಾಕಿ ಚಾನ್ 'ಪೊಲೀಸ್ ಸ್ಟೋರಿ'ಯಲ್ಲಿ ಮಾಲಿನ ಕಂಬ ಹಿಡಿದು ಜಾರಿ ಕೈಯ ಚರ್ಮ ಸುಟ್ಟುಕೊಂಡರು. 1986ರ 'ಆರ್ಮರ್ ಆಫ್ ಗಾಡ್' ಶೂಟಿಂಗಿನಲ್ಲಿ ತಲೆಬುರುಡೆ ಒಡೆದುಕೊಂಡರು. ಪೆಟ್ಟು ಬಿದ್ದ ತುಣುಕುಗಳನ್ನು ಸಿನಿಮಾದ ಕೊನೆಗೆ ಹೆಸರು ಓಡುವಾಗ ಹಾಕಿದರು, ನಾವು ಚಪ್ಪಾಳೆ ಹೊಡೆದೆವು. ಜಾಕಿ ಚಾನ್ ಸ್ಟಾರ್. ಅವರ ಗಾಯ ಅವರದ್ದೇ ಜಾಹೀರಾತಾಯಿತು. ಹೆಸರಿಲ್ಲದ ಫೈಟರಿನ ಗಾಯ ಯಾರ ಜಾಹೀರಾತೂ ಆಗುವುದಿಲ್ಲ.

2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರದ ಕ್ಲೈಮ್ಯಾಕ್ಸ್. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಖಳನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಹಾರುವ ಮುಂಚೆ ಟಿವಿ ಕ್ಯಾಮೆರಾದ ಮುಂದೆ ತಮಗಿದ್ದ ಅಳುಕನ್ನು ಹೇಳಿಕೊಂಡಿದ್ದರು. ಚಿತ್ರ ತಂಡದವರ ಮೇಲೆ ಕೇಸಾಯಿತು, ಸಿನಿಮಾ ಮುಂದಿನ ವರ್ಷ ಬಿಡುಗಡೆಯಾಯಿತು. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ 'ಲವ್ ಯೂ ರಚ್ಚು' ಫೈಟ್ ಚಿತ್ರೀಕರಣದಲ್ಲಿ ವಿದ್ಯುತ್ ತಗುಲಿ ಒಬ್ಬ ಫೈಟರ್ ಸತ್ತರು. ಆ ಸಿನಿಮಾ ಅದೇ ವರ್ಷದ ಕೊನೆಗೆ ತೆರೆಗೆ ಬಂತು.

ಎರಡೂ ದುಡ್ಡೇ ಇಲ್ಲದ ಸಿನಿಮಾಗಳಲ್ಲ ಅನ್ನುವುದನ್ನು ಗಮನಿಸಿ. ಹೆಲಿಕಾಪ್ಟರಿಗೆ ದುಡ್ಡಿತ್ತು, ಲೈಫ್ ಜಾಕೆಟ್ಟಿಗೆ ಇರಲಿಲ್ಲ ಅಂದರೆ ನಂಬೋಣವೇ? ಇಂಜಿನಿಯರಿಂಗಿನಲ್ಲಿ ಓದಿದ್ದರಲ್ಲಿ ನನಗೆ ಉಳಿದಿರುವುದು ಕಡಿಮೆ. ಆದರೆ 'ಫ್ಯಾಕ್ಟರ್ ಆಫ್ ಸೇಫ್ಟಿ' ಮರೆತಿಲ್ಲ. ಒಂದು ತೊಲೆ ಹೊರಬೇಕಾದ ಭಾರಕ್ಕಿಂತ ಎಷ್ಟು ಪಟ್ಟು ಹೆಚ್ಚು ತಡೆಯುವಂತೆ ಕಟ್ಟಿದ್ದೀರಿ ಅನ್ನುವ ಲೆಕ್ಕ ಅದು. ಸೇತುವೆಗೆ ಅದನ್ನು ಬರೆದು ತೋರಿಸದೆ ಕೆಲಸ ಶುರುವಾಗುವುದಿಲ್ಲ. ಮನುಷ್ಯನ ಮೈಗೆ ಮಾತ್ರ ನಮ್ಮ ಸೆಟ್ಟುಗಳಲ್ಲಿ ಲೆಕ್ಕದ ಬದಲು 'ಧೈರ್ಯ' ಅನ್ನುವ ಪದ ಇದೆ. "ಅವನಿಗೆ ಧೈರ್ಯ ಜಾಸ್ತಿ" ಅಂದುಬಿಟ್ಟರೆ ಮುಗಿಯಿತು, ಯಾರೂ ಸಹಿ ಹಾಕಬೇಕಿಲ್ಲ.

ಕಟ್ ಇಲ್ಲದ ಇನ್ನೊಂದು ವಿಡಿಯೋ

ಮಂಗಳೂರಿನ ಬಗ್ಗೆ ಬರೆಯುವಾಗ ಇನ್ನೊಂದು ಮಾತನ್ನು ತಪ್ಪಿಸಿಕೊಳ್ಳಲಾಗದು. ಕಟ್ ಇಲ್ಲದ, ಅಲುಗಾಡುವ, ಒಂದೇ ಶಾಟಿನ ಹೊಡೆತದ ವಿಡಿಯೋ ಈ ಊರಿಗೆ ಸಿನಿಮಾದಿಂದ ಬಂದದ್ದಲ್ಲ. 2009ರ ಪಬ್ ದಾಳಿ, 2012ರ ಹೋಂಸ್ಟೇ ದಾಳಿ ಎರಡೂ ಕ್ಯಾಮೆರಾದ ಎದುರೇ ನಡೆದವು. ಆಮೇಲೆ ನೈತಿಕ ಪೊಲೀಸ್‌ಗಿರಿಯ ಎಷ್ಟು ಕ್ಲಿಪ್ಪುಗಳು ವಾಟ್ಸ್ಯಾಪಿನಲ್ಲಿ ಓಡಾಡಿದವು ಅನ್ನುವುದು ಇಲ್ಲಿ ಮೊಬೈಲ್ ಇಟ್ಟುಕೊಂಡ ಎಲ್ಲರಿಗೂ ಗೊತ್ತು. 2022ರ ಜುಲೈಯಲ್ಲಿ ಈ ಜಿಲ್ಲೆಯಲ್ಲಿ ಹತ್ತು ದಿನದೊಳಗೆ ಮೂವರು ಯುವಕರ ಕೊಲೆಯಾಯಿತು. 2025ರ ಮೇ ತಿಂಗಳಲ್ಲಿ ಮತ್ತೆ ಕೊಲೆಗಳು, ಮತ್ತೆ ಪ್ರತೀಕಾರದ ಮಾತು.

ಇಂಥ ಊರಿನಲ್ಲಿ ಫೈಟ್ ಸಿನಿಮಾವನ್ನು ಹೊಗಳಬಹುದೇ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಸಿನಿಮಾ ನೋಡಿ ಹುಡುಗರು ಕೆಟ್ಟರು ಅನ್ನುವ ಸುಲಭದ ವಾದ ನನಗೆ ಒಪ್ಪಿಗೆಯಿಲ್ಲ. ಇಲ್ಲಿನ ಹಿಂಸೆಗೆ ಸಂಘಟನೆ ಇದೆ, ಭಾಷಣ ಇದೆ, ರಾಜಕೀಯದ ನೆರಳಿದೆ, ಅದಕ್ಕೆ ಬ್ರೂಸ್ ಲೀ ಬೇಕಿರಲಿಲ್ಲ. ಹಾಗಂತ 'ಸಿನಿಮಾ ಬರೀ ಸಿನಿಮಾ' ಅಂತ ಕೈತೊಳೆದುಕೊಳ್ಳುವುದಕ್ಕೂ ಮನಸ್ಸು ಬರುವುದಿಲ್ಲ. 'ಗರುಡ ಗಮನ'ದ ಶಿವನನ್ನು ರೀಲ್ಸಿನಲ್ಲಿ ಬರೀ 'ಮಾಸ್' ಆಗಿ ಕತ್ತರಿಸಿ ಹಾಕುವಾಗ, ಆ ಸಿನಿಮಾ ಅವನ ಹಿಂಸೆಯ ಬಗ್ಗೆ ಹೇಳಿದ್ದೆಲ್ಲ ಕತ್ತರಿಯ ಆಚೆ ಉಳಿಯುತ್ತದೆ.

ಬೆಂಗ್ರೆಯ ಮರಳಲ್ಲಿ ನನಗೆ ಹೊಳೆದ ವ್ಯತ್ಯಾಸ ಇದು. ಬೀದಿಯ ಹೊಡೆತದಲ್ಲಿ ಒಬ್ಬನ ಮೈ ಇನ್ನೊಬ್ಬನ ವಶಕ್ಕೆ ಹೋಗುತ್ತದೆ. ಸಿನಿಮಾದ ಹೊಡೆತದಲ್ಲಿ ಇಬ್ಬರು ಸೇರಿ ಯಾರಿಗೂ ಏಟಾಗದಂತೆ ನೋಡಿಕೊಳ್ಳುತ್ತಾರೆ. ಒದೆಯುವವ ಬೀಳುವವನ ಉಸಿರಿಗೆ ಕಾಯಬೇಕು. ಬೀಳುವವ ಒದೆಯುವವನ ಕಾಲನ್ನು ನಂಬಬೇಕು. ಒಂದಂಗುಲ ತಪ್ಪಿದರೆ ನಿಜವಾಗಿಯೂ ಹಲ್ಲು ಹೋಗುತ್ತದೆ. ಕಟ್ ಇಲ್ಲದ ಒಳ್ಳೆಯ ಫೈಟ್ ನೋಡುವಾಗ ನಮಗೆ ಆಗುವ ರೋಮಾಂಚನ ದ್ವೇಷದ್ದಲ್ಲ; ಅಷ್ಟು ದೊಡ್ಡ ನಂಬಿಕೆಯನ್ನು ಕಣ್ಣೆದುರು ನೋಡಿದ್ದರದ್ದು. ಸೆಟ್ಟಿನಲ್ಲಿ ಒಬ್ಬ ಫೈಟರ್ ಸತ್ತಾಗ ಮುರಿಯುವುದೂ ಆ ನಂಬಿಕೆಯೇ.

ಆದ್ದರಿಂದ ಕಲ್ಟ್ ಅಭಿಮಾನಿಗಳಾದ ನಾವು ಕೇಳಬೇಕಾದದ್ದು ಎರಡು. ಮೊದಲನೆಯದು ನಟರಿಗಷ್ಟೇ ಅಲ್ಲ, ಫೈಟರುಗಳಿಗೂ ಸಂಬಂಧಿಸಿದ್ದು: ಅವರ ಹೆಸರು ಟೈಟಲ್ಲಿನಲ್ಲಿ ಓದುವಷ್ಟು ಹೊತ್ತು ನಿಲ್ಲಲ್ಲ ಯಾಕೆ, ಅವರಿಗೆ ವಿಮೆ ಇತ್ತೇ, ಸೆಟ್ಟಿನಲ್ಲಿ ಆಂಬ್ಯುಲೆನ್ಸ್ ಇತ್ತೇ, ಬೇಡ ಅನ್ನುವ ಹಕ್ಕು ಇತ್ತೇ? ಟ್ರೇಲರಿನ ಕೆಳಗೆ 'ಬೆಂಕಿ' ಅಂತ ಬರೆಯುವ ನಾವು ಇದನ್ನೂ ಬರೆಯಬಹುದು. ಎರಡನೆಯದು, ಯಾರ ಮೈ ಪರದೆಗೆ ಬರುತ್ತದೆ ಅನ್ನುವುದು. ಬ್ಯಾರಿ ಭಾಷೆಯ ಮೊದಲ ಸಿನಿಮಾ 'ಬ್ಯಾರಿ' 2011ರ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿ ಹಂಚಿಕೊಂಡಿತು. ಅದು ತಲಾಖಿನ ಕಥೆ. ಅದೂ ಬೇಕಿತ್ತು. ಆದರೆ ಸಮಸ್ಯೆಯಾಗಿಯಷ್ಟೇ ಅಲ್ಲದೆ, ಫುಟ್‌ಬಾಲ್ ಆಡುವ, ಲಾಗ ಹೊಡೆಯುವ, ಬಿದ್ದು ನಗುವ ಮೈಯಾಗಿಯೂ ಈ ದಡದ ಜನ ಪರದೆಗೆ ಬರಬೇಕು. ಹುಲಿಯ ಹೆಜ್ಜೆಯೂ ತಾಲೀಮಿನ ಕೋಲೂ ಒಂದೇ ಶಾಟಿನಲ್ಲಿರುವ ಸಿನಿಮಾ ನಾನು ದುಡ್ಡು ಕೊಟ್ಟು ನೋಡುತ್ತೇನೆ.

ಆ ಸಂಜೆಯ ಹುಡುಗರು ಅರ್ಧ ತುಳು, ಅರ್ಧ ಬ್ಯಾರಿಯಲ್ಲಿ ಜಗಳವಾಡುತ್ತಿದ್ದರು. ನಾನು ಹೆಸರು ಕೇಳಲಿಲ್ಲ. ಐದನೇ ಸಲ ಓಡಿ ಬಂದವನ ಕಾಲು ಸರಿಯಾಗಿ ಎದ್ದಿತು, ಇನ್ನೊಬ್ಬ ಗಾಳಿಯಲ್ಲಿ ಪೂರ್ತಿ ತಿರುಗಿ ಬಿದ್ದ. ಒಂದು ಕ್ಷಣ ಯಾರೂ ಅಲುಗಾಡಲಿಲ್ಲ. ಒದ್ದವನೇ ಮೊದಲು ಓಡಿದ. "ಏಟಾಯ್ತಾ?" ಅಂತ ಬಗ್ಗಿ ಕೇಳಿ, ಅವನ ಬೆನ್ನಿನ ಮರಳು ಕೊಡವಿದ. ಮೊಬೈಲಿನವ ಹಿಂದಿನಿಂದ ಬೈದ, ಅವನು ಚೌಕಟ್ಟಿನೊಳಗೆ ಬಂದು ಶಾಟ್ ಹಾಳು ಮಾಡಿದ್ದಕ್ಕೆ.

ಅಷ್ಟರಲ್ಲಿ ಬೋಟು ಬಂತು. ಆರನೇ ಸಲ ಏನಾಯಿತೋ ನೋಡಲಾಗಲಿಲ್ಲ.